ಸಮರಭೂಮಿಗೆ ಕಾಲಯಾನ

ಯುದ್ಧದಲ್ಲಿ ಕೈಗೊಂಡ ನಿರ್ಧಾರವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಾರಿಸಿದ ಗುಂಡು, ಉರುಳಿಸಿದ ಬಾಂಬು, ತಡವಾಗಿ ತಲುಪಿದ ಎಚ್ಚರಿಕೆಯ ಸಂದೇಶ ಇವೆಲ್ಲ ಒಮ್ಮೆ ಚರಿತ್ರೆಗೆ ಸೇರಿದ ಮೇಲೆ ಉಳಿಯುವುದು ಸತ್ತವರ ಲೆಕ್ಕ, ಬದುಕಿದವರ ಶೋಕ ಮತ್ತು ಹಾಗಾಗದೆ ಇದ್ದಿದ್ದರೆ ಎಂಬ ತೀರದ ಹಂಬಲ. ಈ ಹಂಬಲಕ್ಕೆ ಕಥೆಯ ರೂಪ ಕೊಟ್ಟದ್ದು ಕಾಲಯಾನದ ಕಲ್ಪನೆ, ಅಂದರೆ ಮನುಷ್ಯ ತಾನಿರುವ ಕಾಲವನ್ನು ಬಿಟ್ಟು ಹಿಂದಿನ ಅಥವಾ ಮುಂದಿನ ಕಾಲಕ್ಕೆ ಹೋಗಿ ಅಲ್ಲಿ ಓಡಾಡಬಲ್ಲ ಎಂಬ ಊಹೆ. ಆ ಊಹೆಯನ್ನು ರಣರಂಗಕ್ಕೆ ತಂದು ನಿಲ್ಲಿಸಿ ಕೋಟ್ಯಂತರ ಜನರ ಕಣ್ಣಿಗೆ ಕಾಣುವಂತೆ ಮಾಡಿದ್ದು ಸಿನಿಮಾ.

1960ರಿಂದೀಚೆಗೆ ಅಮೆರಿಕ, ಫ್ರಾನ್ಸ್, ಜಪಾನ್, ದಕ್ಷಿಣ ಕೊರಿಯಾ, ರಷ್ಯಾ ಮೊದಲಾದ ದೇಶಗಳಲ್ಲಿ ತಯಾರಾದ ಈ ಬಗೆಯ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವು ರೋಚಕ ಕಥೆಗಳಷ್ಟೇ ಆಗಿರದೆ ಆಯಾ ದೇಶದ, ಆಯಾ ಕಾಲದ ಯುದ್ಧಭಯದ ದಾಖಲೆಗಳೂ ಆಗಿರುವುದು ತಿಳಿಯುತ್ತದೆ. ಇವುಗಳ ನಡುವೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದನ್ನು ಗುರುತಿಸಲು ಒಂದು ಅಳತೆಗೋಲೂ ಸಿಗುತ್ತದೆ: ಕಾಲವನ್ನು ಎಷ್ಟೇ ಬಾಗಿಸಿದರೂ ಸಾವಿನ ಬೆಲೆಯನ್ನು ಇಳಿಸದ ಚಿತ್ರಗಳು ಉಳಿದಿವೆ, ಗುಂಡಿ ಒತ್ತಿದೊಡನೆ ಸತ್ತವರನ್ನೆಲ್ಲ ಎಬ್ಬಿಸಿಬಿಡುವ ಚಿತ್ರಗಳು ಬಂದಷ್ಟೇ ಬೇಗ ಮರೆಯಾಗಿವೆ.

ಯಂತ್ರ ಹುಟ್ಟಿದ ಬಗೆ

ಕಾಲಯಾನ ಮತ್ತು ಯುದ್ಧದ ನಂಟು ಸಿನಿಮಾಕ್ಕಿಂತ ಹಳೆಯದು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1889ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯ ಕುಶಲಕರ್ಮಿಯೊಬ್ಬ ಆರನೆಯ ಶತಮಾನದ ಆರ್ಥರ್ ದೊರೆಯ ಇಂಗ್ಲೆಂಡಿಗೆ ಬಂದು ಬೀಳುತ್ತಾನೆ. ವಿನೋದದಿಂದ ಆರಂಭವಾಗುವ ಆ ಕಥೆ ಮುಗಿಯುವುದು ವಿದ್ಯುತ್ ಹರಿಸಿದ ತಂತಿಬೇಲಿ ಮತ್ತು ಯಂತ್ರಬಂದೂಕುಗಳಿಂದ ಸಾವಿರಾರು ಸೈನಿಕರು ಹತರಾಗುವ ಭೀಕರ ಯುದ್ಧದಲ್ಲಿ. ಮುಂದಿನ ಕಾಲದ ತಿಳಿವಳಿಕೆ ಹಿಂದಿನ ಕಾಲಕ್ಕೆ ಹೋದಾಗ ಅದು ಮೊದಲು ಆಯುಧವಾಗುತ್ತದೆ ಎಂಬ ಮಾತನ್ನು ಟ್ವೇನ್ ಆಗಲೇ ಹೇಳಿದ್ದ. ಆರು ವರ್ಷಗಳ ಬಳಿಕ, 1895ರಲ್ಲಿ, ಇಂಗ್ಲೆಂಡಿನ ಎಚ್.ಜಿ. ವೆಲ್ಸ್ ಬರೆದ 'ದ ಟೈಮ್ ಮಷಿನ್' ಕಾದಂಬರಿ ಕಾಲಯಾನಕ್ಕೆ ಯಂತ್ರವೊಂದನ್ನು ಒದಗಿಸಿತು. ವೆಲ್ಸ್‌ನ ಕಥೆಯಲ್ಲಿ ಮಹಾಯುದ್ಧಗಳಿಲ್ಲ. ಇರುವ ಕಾರಣವೂ ಇರಲಿಲ್ಲ, ಏಕೆಂದರೆ ಅವು ಇನ್ನೂ ನಡೆದೇ ಇರಲಿಲ್ಲ.

ಅದೇ ಕಾದಂಬರಿಯನ್ನು 1960ರಲ್ಲಿ ಚಿತ್ರವಾಗಿಸಿದ ಜಾರ್ಜ್ ಪಾಲ್ ಹಂಗೆರಿಯಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಕೆಲಸ ಮಾಡಿ, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯನ್ನು ತೊರೆದು, ಕೊನೆಗೆ ಅಮೆರಿಕದಲ್ಲಿ ನೆಲೆಸಿದವರು. ಮೂಲದಲ್ಲಿ ಇಲ್ಲದ ಯುದ್ಧಗಳನ್ನು ಅವರು ಕಥೆಯೊಳಕ್ಕೆ ತಂದರು. ಚಿತ್ರದ ನಾಯಕ 1899ರ ಕೊನೆಯ ರಾತ್ರಿ ಯಂತ್ರ ಏರಿ ಹೊರಟವನು ಮೊದಲು ನಿಲ್ಲುವುದು 1917ರಲ್ಲಿ. ಎದುರು ಬೀದಿಯ ಅಂಗಡಿಯ ಬಳಿ ಕಂಡ ಸಮವಸ್ತ್ರಧಾರಿ ತರುಣನನ್ನು ತನ್ನ ಆಪ್ತಮಿತ್ರ ಫಿಲ್ಬಿ ಎಂದೇ ಭಾವಿಸಿ ಮಾತನಾಡಿಸುತ್ತಾನೆ. ಆ ತರುಣ ಫಿಲ್ಬಿಯ ಮಗನೆಂದೂ, ಫಿಲ್ಬಿ ಯುದ್ಧದಲ್ಲಿ ಮಡಿದನೆಂದೂ ಗೊತ್ತಾಗುತ್ತದೆ. ಯಂತ್ರದಲ್ಲಿ ಕುಳಿತವನಿಗೆ ಕೆಲವೇ ಕ್ಷಣ ಕಳೆದಿರುವಾಗ ಹೊರಗೆ ಒಂದು ಸ್ನೇಹದ ಇಡೀ ಆಯುಷ್ಯವೇ ಮುಗಿದುಹೋಗಿರುತ್ತದೆ. ಎರಡನೆಯ ನಿಲುಗಡೆ 1940, ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿರುವ ಹೊತ್ತು. ಮೂರನೆಯದು ಚಿತ್ರ ತೆರೆಕಂಡಾಗ ಇನ್ನೂ ಭವಿಷ್ಯವಾಗಿದ್ದ 1966, ಅಣ್ವಸ್ತ್ರ ದಾಳಿಯ ದಿನ. ಕೊನೆಗೆ ಆತ ತಲುಪುವ 8,02,701ನೆಯ ವರ್ಷದಲ್ಲಿ, ನೆಲದ ಮೇಲೆ ನಿಶ್ಚಿಂತರಾಗಿ ಬದುಕುವ ಜನರನ್ನು ನೆಲದಡಿಯ ನರಭಕ್ಷಕರು ತಮ್ಮತ್ತ ಸೆಳೆದುಕೊಳ್ಳಲು ಬಳಸುವುದು ಸೈರನ್ ಸದ್ದನ್ನು. ವಾಯುದಾಳಿಯ ಸೈರನ್ ಕೇಳಿದೊಡನೆ ಆಶ್ರಯತಾಣಕ್ಕೆ ಓಡುತ್ತಿದ್ದ ಪೂರ್ವಿಕರ ಅಭ್ಯಾಸ, ಅದರ ಕಾರಣ ಮರೆತುಹೋದ ಎಂಟು ಲಕ್ಷ ವರ್ಷಗಳ ಮೇಲೂ ಆ ಜನರ ಕಾಲುಗಳಲ್ಲಿ ಉಳಿದಿರುತ್ತದೆ. ಯುದ್ಧ ಮುಗಿದರೂ ಅದು ಕಲಿಸಿದ ಭಯ ಮುಗಿಯುವುದಿಲ್ಲ ಎಂಬುದನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಹೇಳಿದ ದೃಶ್ಯ ಅಪರೂಪ.

ಬದಲಾಗದ ಕಾಲ

ಕಾಲಯಾನದ ಕಥೆಗಳೆಲ್ಲ ಒಂದು ತೊಡಕನ್ನು ಎದುರಿಸಲೇಬೇಕು. ಒಬ್ಬ ಹಿಂದಿನ ಕಾಲಕ್ಕೆ ಹೋಗಿ ತನ್ನ ತಾತನನ್ನು ಬಾಲ್ಯದಲ್ಲೇ ಕೊಂದರೆ ಅವನ ತಂದೆ ಹುಟ್ಟುವುದಿಲ್ಲ, ಅವನೂ ಹುಟ್ಟುವುದಿಲ್ಲ. ಹುಟ್ಟದವನು ಹಿಂದಕ್ಕೆ ಹೋಗಿ ಕೊಲ್ಲುವುದಾದರೂ ಹೇಗೆ? ತಾತನ ವಿರೋಧಾಭಾಸ ಎಂದು ಹೆಸರಾದ ಈ ಪ್ರಶ್ನೆಗೆ ಚಿಂತಕರೂ ಕಥೆಗಾರರೂ ಮುಖ್ಯವಾಗಿ ಮೂರು ಉತ್ತರ ಕೊಟ್ಟಿದ್ದಾರೆ. ನಡೆದದ್ದು ನಡೆದಂತೆಯೇ ಇರುತ್ತದೆ, ಹಿಂದಕ್ಕೆ ಹೋದವನು ಮಾಡುವುದೆಲ್ಲ ಆ ನಡೆದುದರ ಭಾಗವೇ ಆಗಿರುತ್ತದೆ ಎಂಬುದು ಮೊದಲನೆಯದು. ಸೋವಿಯತ್ ಭೌತವಿಜ್ಞಾನಿ ಇಗೊರ್ ನೋವಿಕೊವ್ ಅವರ ಹೆಸರಿನಲ್ಲಿರುವ ಸ್ವಸಂಗತಿಯ ತತ್ತ್ವ ಇದೇ ನಿಲುವಿನದು. ಹಿಂದಿನದನ್ನು ತಿದ್ದಬಹುದು, ತಿದ್ದಿದರೆ ಮುಂದಿನದು ಬದಲಾಗುತ್ತದೆ ಎಂಬುದು ಎರಡನೆಯದು. ಪ್ರತಿ ಬದಲಾವಣೆಯೂ ಕಾಲದ ಹೊಸ ಕವಲೊಂದನ್ನು ಹುಟ್ಟಿಸುತ್ತದೆ, ಹಳೆಯ ಕವಲು ಹಾಗೆಯೇ ಉಳಿಯುತ್ತದೆ ಎಂಬುದು ಮೂರನೆಯದು. ಯುದ್ಧದ ಚಿತ್ರವೊಂದು ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡಿದೆ ಎಂಬುದರಲ್ಲೇ ಯುದ್ಧದ ಬಗ್ಗೆ ಅದರ ನಿಲುವೂ ಅಡಗಿರುತ್ತದೆ.

ಮೊದಲ ಉತ್ತರವನ್ನು ಆರಿಸಿಕೊಂಡ ಚಿತ್ರಗಳಲ್ಲಿ ಫ್ರಾನ್ಸಿನ ಕ್ರಿಸ್ ಮಾರ್ಕರ್ ನಿರ್ದೇಶಿಸಿದ 'ಲಾ ಜೆಟೆ' ಶ್ರೇಷ್ಠವಾದುದು. 1962ರ ಈ ಚಿತ್ರದ ಅವಧಿ ಕೇವಲ 28 ನಿಮಿಷ, ಅದೂ ಬಹುಪಾಲು ಸ್ಥಿರಚಿತ್ರಗಳಿಂದಲೇ ಕಟ್ಟಿದ್ದು. ಮೂರನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ, ಬದುಕುಳಿದವರು ನೆಲಮಾಳಿಗೆಗಳಲ್ಲಿದ್ದಾರೆ, ಗೆದ್ದವರು ಸೆರೆಯಾಳುಗಳ ಮೇಲೆ ಪ್ರಯೋಗ ನಡೆಸಿ, ಆಹಾರ ಮತ್ತು ಶಕ್ತಿಯ ನೆರವು ಕೋರಲು ಅವರನ್ನು ಬೇರೆ ಕಾಲಗಳಿಗೆ ಕಳುಹಿಸಲು ಯತ್ನಿಸುತ್ತಿದ್ದಾರೆ. ಇದಕ್ಕೆ ಆಯ್ಕೆಯಾದವನು ಬಾಲ್ಯದಲ್ಲಿ ಓರ್ಲಿ ವಿಮಾನನಿಲ್ದಾಣದಲ್ಲಿ ಕಂಡ ಹೆಣ್ಣಿನ ಮುಖವೊಂದನ್ನು ಮರೆಯಲಾಗದ ಮನುಷ್ಯ. ಅದೇ ದಿನ ಅಲ್ಲೇ ಒಬ್ಬ ಸತ್ತುಬಿದ್ದುದನ್ನೂ ಆ ಹುಡುಗ ಕಂಡಿದ್ದ. ಕೊನೆಗೆ ಆ ಹೆಣ್ಣಿದ್ದಲ್ಲಿಗೆ, ಅದೇ ವಿಮಾನನಿಲ್ದಾಣಕ್ಕೆ, ಹಿಂತಿರುಗಿ ಓಡುವಾಗ ತಿಳಿಯುವುದು, ಅಂದು ಸತ್ತು ಬಿದ್ದವನು ತಾನೇ ಎಂದು. ಇಡೀ ಚಿತ್ರದಲ್ಲಿ ಚಲಿಸುವ ದೃಶ್ಯ ಒಂದೇ ಒಂದು, ಅದೂ ಕೆಲವೇ ಕ್ಷಣಗಳದ್ದು: ಮಲಗಿದ್ದ ಆ ಹೆಣ್ಣು ಕಣ್ಣು ತೆರೆದು ನೋಡುತ್ತಾಳೆ. ಸುತ್ತ ಎಲ್ಲವೂ ಚಲನೆ ನಿಂತ ಛಾಯಾಚಿತ್ರಗಳಾಗಿರುವಾಗ ಆ ರೆಪ್ಪೆಗಳ ಚಲನೆಯೊಂದೇ, ಯುದ್ಧ ಏನನ್ನು ಕಿತ್ತುಕೊಂಡಿತೆಂಬುದನ್ನು ಪ್ರೇಕ್ಷಕನಿಗೆ ತಿಳಿಸಿಬಿಡುತ್ತದೆ. ಅಲ್ಜೀರಿಯದ ಯುದ್ಧ ಮುಗಿಯುತ್ತಿದ್ದ, ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದ ವರ್ಷದಲ್ಲಿ ಬಂದ ಈ ಚಿತ್ರದಿಂದ ಪ್ರೇರಣೆ ಪಡೆದು ಟೆರಿ ಗಿಲಿಯಂ 1995ರಲ್ಲಿ 'ಟ್ವೆಲ್ವ್ ಮಂಕೀಸ್' ಮಾಡಿದರು. ಅದರ ನಾಯಕ ತಪ್ಪು ಲೆಕ್ಕದಿಂದ ಮೊದಲನೆಯ ಮಹಾಯುದ್ಧದ ಕಂದಕಕ್ಕೆ ಬಿದ್ದು ಕಾಲಿಗೆ ಗುಂಡೇಟು ತಿನ್ನುತ್ತಾನೆ. 1990ರ ದಶಕದಲ್ಲಿ ಅವನ ಕಾಲಿನಿಂದ ತೆಗೆದ ಗುಂಡು 1920ಕ್ಕಿಂತ ಹಿಂದಿನದೆಂದು ಪರೀಕ್ಷೆಯಲ್ಲಿ ಸಾಬೀತಾದಾಗಲೇ ತಾನು ಮುಂದಿನ ಕಾಲದಿಂದ ಬಂದವನೆಂಬ ಅವನ ಮಾತನ್ನು ಅವನ ವೈದ್ಯೆ ನಂಬುವುದು.

ಇದೇ ನಿಲುವಿನ ಇನ್ನೊಂದು ಮುಖ್ಯ ಕೃತಿ 'ಸ್ಲಾಟರ್‌ಹೌಸ್ ಫೈವ್'. ಅಮೆರಿಕದ ಕರ್ಟ್ ವಾನೆಗಟ್ 1944ರ ಡಿಸೆಂಬರಿನಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕ ಸೈನಿಕ. 1945ರ ಫೆಬ್ರವರಿಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಡ್ರೆಸ್ಡೆನ್ ನಗರವನ್ನು ಸುಟ್ಟಾಗ ಕಸಾಯಿಖಾನೆಯೊಂದರ ನೆಲಮಾಳಿಗೆಯಲ್ಲಿದ್ದು ಬದುಕುಳಿದವರು. ಆ ದಾಳಿಯಲ್ಲಿ ಸತ್ತವರು 25,000ದವರೆಗೆ ಎಂದು ಚರಿತ್ರಕಾರರ ಆಯೋಗವೊಂದು 2010ರಲ್ಲಿ ನಿರ್ಣಯಿಸಿತು. ಕಂಡದ್ದನ್ನು ನೇರವಾಗಿ ಬರೆಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹೆಣಗಿದ ವಾನೆಗಟ್ 1969ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ನಾಯಕ ಬಿಲ್ಲಿ ಪಿಲ್‌ಗ್ರಿಮ್‌ನನ್ನು ಕಾಲದ ಹಿಡಿತದಿಂದಲೇ ಬಿಡಿಸಿಬಿಟ್ಟರು. ಆತ ತನ್ನ ಮದುವೆ, ಮುಪ್ಪು, ಯುದ್ಧ, ಮರಣಗಳ ನಡುವೆ ತನ್ನ ಇಚ್ಛೆಯಿಲ್ಲದೆ ಹಿಂದೆ ಮುಂದೆ ಹೋಗುತ್ತಿರುತ್ತಾನೆ. 1972ರಲ್ಲಿ ಜಾರ್ಜ್ ರಾಯ್ ಹಿಲ್ ಅದನ್ನು ಚಿತ್ರವಾಗಿಸಿದಾಗ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರುವ ಸಿನಿಮಾದ ಸಂಕಲನಕ್ರಮವೇ ಬಿಲ್ಲಿಯ ಕಾಲಯಾನವಾಯಿತು. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ತೀರ್ಪುಗಾರರ ಪ್ರಶಸ್ತಿ ಬಂತು. ಇಲ್ಲಿ ಕಾಲಯಾನ ಯಾರನ್ನೂ ಉಳಿಸುವುದಿಲ್ಲ. ಯುದ್ಧದ ಆಘಾತಕ್ಕೆ ಒಳಗಾದವನ ಮನಸ್ಸು ಮತ್ತೆ ಮತ್ತೆ ಆ ಸ್ಥಳಕ್ಕೇ ಮರಳುವುದನ್ನು ವೈದ್ಯರು ರೋಗಲಕ್ಷಣವೆಂದು ಗುರುತಿಸುತ್ತಾರೆ. ಈ ಕೃತಿ ಅದನ್ನೇ ಕಥನದ ಕ್ರಮವನ್ನಾಗಿ ಮಾಡಿಕೊಂಡಿದೆ.

ತಿದ್ದಬಹುದಾದ ಕಾಲ

ಎರಡನೆಯ ಉತ್ತರವನ್ನು ಜನಪ್ರಿಯಗೊಳಿಸಿದ್ದು ಜೇಮ್ಸ್ ಕ್ಯಾಮರಾನ್. ಸುಮಾರು 64 ಲಕ್ಷ ಡಾಲರ್ ವೆಚ್ಚದಲ್ಲಿ, ಹಾಲಿವುಡ್‌ನ ಲೆಕ್ಕದಲ್ಲಿ ಅಗ್ಗವಾಗಿಯೇ, ತಯಾರಾದ 1984ರ 'ದ ಟರ್ಮಿನೇಟರ್' ಚಿತ್ರದಲ್ಲಿ ಸ್ಕೈನೆಟ್ ಎಂಬ ರಕ್ಷಣಾ ಕಂಪ್ಯೂಟರ್ ಜಾಲ ಮನುಷ್ಯರೇ ತನ್ನ ಶತ್ರುಗಳೆಂದು ತೀರ್ಮಾನಿಸಿ ಅಣುಯುದ್ಧ ಹೂಡುತ್ತದೆ. 2029ರಲ್ಲಿ ಸೋಲಿನ ಅಂಚಿಗೆ ಬಂದ ಆ ಯಂತ್ರವ್ಯವಸ್ಥೆ, ಮನುಷ್ಯರ ಸೇನಾನಿ ಜಾನ್ ಕಾನರ್ ಹುಟ್ಟದಂತೆ ಮಾಡಲು, ಅವನ ತಾಯಿಯಾಗಲಿರುವ ಸಾರಾ ಕಾನರ್‌ಳನ್ನು ಕೊಲ್ಲುವ ಯಂತ್ರಮಾನವನೊಬ್ಬನನ್ನು 1984ರ ಲಾಸ್ ಏಂಜಲೀಸ್‌ಗೆ ಕಳುಹಿಸುತ್ತದೆ. ಅವಳನ್ನು ಕಾಪಾಡಲು ಮನುಷ್ಯರ ಕಡೆಯಿಂದ ಕೈಲ್ ರೀಸ್ ಎಂಬ ಸೈನಿಕ ಬರುತ್ತಾನೆ. ಭವಿಷ್ಯದ ಯುದ್ಧ ತೆರೆಯ ಮೇಲೆ ಕಾಣುವುದು ಕೆಲವೇ ನಿಮಿಷ. ಉಳಿದಂತೆ ಆ ಯುದ್ಧ ಕಾಣಿಸುವುದು ರೀಸ್‌ನ ಮೈಮೇಲಿನ ಕಲೆಗಳಲ್ಲಿ, ಸಣ್ಣ ಸದ್ದಿಗೂ ಬೆಚ್ಚುವ ಅವನ ನಿದ್ದೆಯಲ್ಲಿ. ಯುದ್ಧಕ್ಕೆ ಹೋಗಿಬಂದವನು ಶಾಂತಿಯ ಊರಿನಲ್ಲಿ ಹೊಂದಿಕೊಳ್ಳಲಾರದೆ ಒದ್ದಾಡುವ ಪಾಡು ಇದು. ವಿಯೆಟ್ನಾಮಿನಿಂದ ಮರಳಿದವರ ತಲೆಮಾರನ್ನು ಕಂಡಿದ್ದ ಅಮೆರಿಕಕ್ಕೆ ಆ ಪಾಡು ಹೊಸದಾಗಿರಲಿಲ್ಲ.

ಈ ಮೊದಲ ಚಿತ್ರದಲ್ಲಿ ಕಾಲ ಇನ್ನೂ ಬದಲಾಗದ ಕಾಲವೇ: ಕಾಪಾಡಲು ಬಂದ ರೀಸ್‌ನೇ ಜಾನ್ ಕಾನರ್‌ನ ತಂದೆಯಾಗುತ್ತಾನೆ, ಅಂದರೆ ಸ್ಕೈನೆಟ್ ಮಾಡಿದ ದಾಳಿಯೇ ಅದರ ಶತ್ರುವನ್ನು ಹುಟ್ಟಿಸುತ್ತದೆ. ಕ್ಯಾಮರಾನ್ 1991ರ ಎರಡನೆಯ ಭಾಗದಲ್ಲಿ ನಿಲುವು ಬದಲಿಸಿದರು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ, ಶೀತಲ ಸಮರ ಮುಗಿಯುತ್ತಿದ್ದ ವರ್ಷದಲ್ಲಿ ಬಂದ ಆ ಚಿತ್ರದಲ್ಲಿ 1997ರ ಆಗಸ್ಟ್ 29ರಂದು ನಡೆಯಬೇಕಿದ್ದ ಅಣುಯುದ್ಧವನ್ನು ತಡೆಯುವುದೇ ಗುರಿ; ಮೊದಲ ಭಾಗದಲ್ಲಿ ಕೊಲ್ಲಲು ಬಂದಂಥದೇ ಯಂತ್ರಮಾನವ ಇಲ್ಲಿ ಕಾಪಾಡುವವನಾಗುತ್ತಾನೆ. ಯುದ್ಧವನ್ನು ತಡೆಯಲು ಅದರ ಮೂಲ ತಂತ್ರಜ್ಞಾನವನ್ನು ರೂಪಿಸುತ್ತಿರುವ ನಿರಪರಾಧಿ ವಿಜ್ಞಾನಿಯನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ಸಾರಾಳ ಮುಂದೆ ಬಂದಾಗ, ಬಂದೂಕು ಹಿಡಿದು ಅವನ ಮನೆಗೆ ನುಗ್ಗಿದ ಆಕೆ ಅವನ ಹೆಂಡತಿ ಮಗುವಿನ ಎದುರು ಕುಸಿದು ಕೂರುತ್ತಾಳೆ. ಕೋಟ್ಯಂತರ ಜನರನ್ನು ಉಳಿಸುವ ನೆಪದಲ್ಲಿ ತಾನೂ ಅದೇ ಬಗೆಯ ಕೊಲೆಯಂತ್ರವಾಗುತ್ತಿದ್ದೇನೆಂಬ ಅರಿವು ಅವಳನ್ನು ತಡೆಯುತ್ತದೆ. ಚಿತ್ರದ ನೈತಿಕ ಕೇಂದ್ರ ಇರುವುದು ಅಲ್ಲಿ. ಭವಿಷ್ಯ ತಿಳಿದಿದೆ ಎಂಬ ಮಾತ್ರಕ್ಕೆ ಇಂದಿನ ಕೊಲೆ ಸಮರ್ಥನೀಯವಾಗುವುದಿಲ್ಲ. 2014ರ 'ಎಕ್ಸ್-ಮೆನ್: ಡೇಸ್ ಆಫ್ ಫ್ಯೂಚರ್ ಪಾಸ್ಟ್' ಚಿತ್ರವೂ 1973ಕ್ಕೆ ಮರಳಿ, ಒಂದು ಕೊಲೆಯನ್ನು ತಡೆದರೆ ಒಂದು ಮಹಾಯುದ್ಧ ತಪ್ಪುತ್ತದೆ ಎಂಬ ಇದೇ ಹಾದಿಯನ್ನು ಹಿಡಿಯಿತು.

ತಮ್ಮ ತಮ್ಮ ಗಾಯಗಳಿಗೆ

ಪ್ರತಿ ದೇಶವೂ ತನ್ನ ಸೈನಿಕರನ್ನು ಯಾವ ಕಾಲಕ್ಕೆ ಕಳುಹಿಸುತ್ತದೆ ಎಂಬುದು ಆ ದೇಶದ ಮನಸ್ಸನ್ನು ತೋರಿಸುತ್ತದೆ. ಅಮೆರಿಕದ 'ದ ಫೈನಲ್ ಕೌಂಟ್‌ಡೌನ್' (1980) ಚಿತ್ರದಲ್ಲಿ ಅಣುಶಕ್ತಿಚಾಲಿತ ವಿಮಾನವಾಹಕ ನೌಕೆ ನಿಮಿಟ್ಜ್ ವಿಚಿತ್ರ ಬಿರುಗಾಳಿಯೊಂದನ್ನು ದಾಟಿ 1941ರ ಡಿಸೆಂಬರ್ 6ಕ್ಕೆ, ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆಯುವ ಹಿಂದಿನ ದಿನಕ್ಕೆ, ಬಂದು ಸೇರುತ್ತದೆ. ನೌಕಾಪಡೆಯ ಸಹಕಾರದಿಂದ ನಿಜವಾದ ನಿಮಿಟ್ಜ್ ನೌಕೆಯ ಮೇಲೆಯೇ ಚಿತ್ರೀಕರಣ ನಡೆದುದರಿಂದ, ಎಫ್-14 ಜೆಟ್ ವಿಮಾನಗಳು ಜಪಾನಿನ ಜೀರೋ ವಿಮಾನಗಳನ್ನು ಎದುರಿಸುವ ದೃಶ್ಯಕ್ಕೆ ಅಪಾರ ನೈಜತೆ ಬಂದಿದೆ. 2,400ಕ್ಕೂ ಹೆಚ್ಚು ಅಮೆರಿಕನ್ನರು ಸಾಯಲಿರುವ ದಾಳಿಯನ್ನು ತಡೆಯಬಲ್ಲ ಶಕ್ತಿ ಕ್ಯಾಪ್ಟನ್‌ನ ಕೈಯಲ್ಲಿದೆ. ಆತ ಆಜ್ಞೆ ಕೊಟ್ಟು ವಿಮಾನಗಳನ್ನು ಕಳುಹಿಸಿಯೂ ಬಿಡುತ್ತಾನೆ. ಆದರೆ ಬಿರುಗಾಳಿ ಮತ್ತೆ ಬಂದು, ವಿಮಾನಗಳನ್ನು ಹಿಂದಕ್ಕೆ ಕರೆಸಬೇಕಾಗಿ, ಚರಿತ್ರೆ ಇದ್ದಂತೆಯೇ ಉಳಿಯುತ್ತದೆ. ಈ ಮುಕ್ತಾಯ ಹಲವು ಪ್ರೇಕ್ಷಕರನ್ನು ನಿರಾಶೆಗೊಳಿಸಿದ್ದು ನಿಜ. ಆದರೂ ಪರಮಶಕ್ತಿಯ ಹಡಗಿಗೂ ಮುಗಿದುಹೋದ ಸಾವುಗಳ ಮೇಲೆ ಅಧಿಕಾರವಿಲ್ಲ ಎಂಬ ಮಾತು ಅದರಲ್ಲಿದೆ.

ಇದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಜಪಾನಿನಲ್ಲಿ ಬಂದ 'ಸೆಂಗೋಕು ಜಿಯೇತಾಯ್' ಚಿತ್ರ ಇನ್ನೂ ತೀಕ್ಷ್ಣವಾದುದು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನ್ 1947ರಲ್ಲಿ ಜಾರಿಗೆ ಬಂದ ಸಂವಿಧಾನದ ಒಂಬತ್ತನೆಯ ವಿಧಿಯ ಮೂಲಕ ಯುದ್ಧದ ಹಕ್ಕನ್ನೇ ತ್ಯಜಿಸಿದ ದೇಶ. ಅಲ್ಲಿರುವುದು ಆತ್ಮರಕ್ಷಣೆಗೆಂದೇ ಇರುವ ಪಡೆ. ಆ ಪಡೆಯ ತುಕಡಿಯೊಂದು ಟ್ಯಾಂಕ್, ಹೆಲಿಕಾಪ್ಟರ್ ಸಮೇತ ಹದಿನಾರನೆಯ ಶತಮಾನದ ಅಂತಃಕಲಹದ ಯುಗಕ್ಕೆ ಬಂದು ಬೀಳುತ್ತದೆ. ಸನ್ನಿ ಚಿಬಾ ಅಭಿನಯಿಸಿದ ತುಕಡಿಯ ಅಧಿಕಾರಿ, ತನ್ನ ಕಾಲ ತನಗೆ ಕೊಡದ ಯುದ್ಧವನ್ನು ಇಲ್ಲಿ ಕಂಡು ಅದರ ಮೋಹಕ್ಕೆ ಬೀಳುತ್ತಾನೆ; ಆದರೆ ಈಟಿ ಬಾಣಗಳ ಸಾವಿರಾರು ಸೈನಿಕರ ಎದುರು ಗುಂಡುಗಳು ಖಾಲಿಯಾಗಿ, ಇಂಧನ ಮುಗಿದು, ಆಧುನಿಕ ಆಯುಧಗಳು ಒಂದೊಂದಾಗಿ ನೆಲಕಚ್ಚುತ್ತವೆ. ಕಾರ್ಖಾನೆ, ರಸ್ತೆ, ಸರಬರಾಜುಗಳ ಬೆಂಬಲವಿಲ್ಲದ ಟ್ಯಾಂಕ್ ಎಂದರೆ ಕಬ್ಬಿಣದ ರಾಶಿಯಷ್ಟೆ ಎಂಬುದನ್ನು ಚಿತ್ರ ವಿವರವಾಗಿ ತೋರಿಸುತ್ತದೆ.

ದಕ್ಷಿಣ ಕೊರಿಯಾದ 'ಹೆವನ್ಸ್ ಸೋಲ್ಜರ್ಸ್' (2005) ಚಿತ್ರದಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾಗಳ ಸೈನಿಕರು ಪರಸ್ಪರ ಹೊಡೆದಾಡುತ್ತಲೇ 1572ಕ್ಕೆ ಜಾರುತ್ತಾರೆ. ಮುಂದೆ ಜಪಾನಿನ ಆಕ್ರಮಣವನ್ನು ಸಮುದ್ರದಲ್ಲಿ ಎದುರಿಸಿ ಕೊರಿಯಾವನ್ನು ಉಳಿಸಿದ ನೌಕಾಧಿಪತಿ ಯಿ ಸುನ್-ಸಿನ್ ಸೈನಿಕ ಪರೀಕ್ಷೆಯಲ್ಲಿ ಕುದುರೆಯಿಂದ ಬಿದ್ದು ಅನುತ್ತೀರ್ಣನಾದ ವರ್ಷ ಅದು. ಎರಡು ದೇಶವಾಗಿ ಒಡೆದ ಜನ, ಒಡೆಯುವ ಮೊದಲಿನ ತಮ್ಮ ಸಮಾನ ವೀರನ ಬಳಿ ಹೋಗಿ ನಿಲ್ಲುವ ಈ ಕಲ್ಪನೆಯಲ್ಲಿ ರಾಜಕೀಯ ಹಂಬಲವೊಂದು ನಿಚ್ಚಳವಾಗಿದೆ. 2008ರಲ್ಲಿ ಬಂದ ರಷ್ಯಾದ 'ವಿ ಆರ್ ಫ್ರಂ ದ ಫ್ಯೂಚರ್' ಚಿತ್ರದ ನಾಲ್ವರು ಯುವಕರದು ಎರಡನೆಯ ಮಹಾಯುದ್ಧದ ರಣಭೂಮಿಗಳನ್ನು ಅಗೆದು, ಸತ್ತ ಸೈನಿಕರ ಪದಕ, ಆಯುಧಗಳನ್ನು ಕದ್ದು ಮಾರುವ ದಂಧೆ. ಮಣ್ಣಿನಡಿ ಸಿಕ್ಕ ಸೈನಿಕರ ಗುರುತಿನ ಪುಸ್ತಕಗಳಲ್ಲಿ ತಮ್ಮದೇ ಹೆಸರು, ತಮ್ಮದೇ ಭಾವಚಿತ್ರಗಳನ್ನು ಕಂಡು ದಿಗಿಲುಬಿದ್ದು, ಪಕ್ಕದ ಕೆರೆಗೆ ಇಳಿದು ಮೇಲೆದ್ದಾಗ ಅವರಿರುವುದು 1942ರಲ್ಲಿ, ಲೆನಿನ್‌ಗ್ರಾಡ್‌ನ ಮುತ್ತಿಗೆಯ ಕಾಲದಲ್ಲಿ. 872 ದಿನಗಳ ಆ ಮುತ್ತಿಗೆಯನ್ನು ತೆರವುಗೊಳಿಸಲು ಹೋರಾಡಿದವರ ಜೊತೆ ನಿಂತು ಮರಳಿದ ಮೇಲೆ, ಅವರಲ್ಲೊಬ್ಬ ತನ್ನ ತೋಳಿನ ಮೇಲಿನ ಸ್ವಸ್ತಿಕದ ಹಚ್ಚೆಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ಕೀಳಲು ತೊಡಗುತ್ತಾನೆ. ಹುತಾತ್ಮರ ನೆನಪು ಮಾರಾಟದ ಸರಕಾದುದನ್ನು ಕುರಿತ ಸಿಟ್ಟು ಆ ದೃಶ್ಯದಲ್ಲಿದೆ.

ಸುತ್ತುವ ಕಾಲ

ಕಾಲಯಾನದ ಇತ್ತೀಚಿನ ರೂಪ ಸುತ್ತುವ ಕಾಲ, ಅಂದರೆ ಒಂದೇ ದಿನ ಅಥವಾ ಒಂದೇ ಘಳಿಗೆ ಮತ್ತೆ ಮತ್ತೆ ಮರುಕಳಿಸುವುದು. 1993ರ 'ಗ್ರೌಂಡ್‌ಹಾಗ್ ಡೇ' ಇದನ್ನು ಹಾಸ್ಯಕ್ಕೆ ಬಳಸಿತು; ಡಗ್ ಲೈಮನ್ 2014ರಲ್ಲಿ ನಿರ್ದೇಶಿಸಿದ 'ಎಡ್ಜ್ ಆಫ್ ಟುಮಾರೊ' ಅದನ್ನು ಯುದ್ಧಕ್ಕೆ ತಂದಿತು. ಜಪಾನಿನ ಹಿರೋಶಿ ಸಾಕುರಾಜಾಕಾ 2004ರಲ್ಲಿ ಬರೆದ ಕಾದಂಬರಿ ಇದರ ಆಧಾರ. ಸತ್ತರೆ ಮತ್ತೆ ಮೊದಲಿನಿಂದ ಆಡಬಹುದಾದ ವಿಡಿಯೊ ಗೇಮಿನ ಅನುಭವ ಆ ಕಾದಂಬರಿಗೆ ಪ್ರೇರಣೆ. ಟಾಮ್ ಕ್ರೂಸ್ ಅಭಿನಯಿಸಿದ ವಿಲಿಯಂ ಕೇಜ್ ಅನ್ಯಲೋಕದ ಜೀವಿಗಳ ವಿರುದ್ಧ ನಡೆದಿರುವ ಯುದ್ಧದ ಪ್ರಚಾರ ವಿಭಾಗದ ಅಧಿಕಾರಿ. ಟಿವಿಯಲ್ಲಿ ಕುಳಿತು ಇತರರನ್ನು ಸೇನೆಗೆ ಸೇರಲು ಹುರಿದುಂಬಿಸುವವನು, ತಾನು ಮಾತ್ರ ಒಮ್ಮೆಯೂ ಹೋರಾಡದವನು. ಮುಂಚೂಣಿಗೆ ಹೋಗಲು ಒಪ್ಪದೆ ಜನರಲ್‌ನನ್ನೇ ಬೆದರಿಸಿದ್ದಕ್ಕೆ ಬಂಧಿತನಾಗಿ, ಎಚ್ಚರವಾದಾಗ ಸಾಮಾನ್ಯ ಸಿಪಾಯಿಯಾಗಿ ಹೀಥ್ರೂನ ಸೇನಾನೆಲೆಯಲ್ಲಿರುತ್ತಾನೆ. ಮರುದಿನ ಫ್ರಾನ್ಸಿನ ಕಡಲತೀರಕ್ಕೆ ಇಳಿಸಿದಾಗ ಮೈಗೆ ತೊಡಿಸಿದ ಭಾರದ ಯಂತ್ರಕವಚದ ಆಯುಧದ ಸುರಕ್ಷಾ ಕೀಲಿಯನ್ನು ತೆಗೆಯುವುದು ಹೇಗೆಂದೂ ಅವನಿಗೆ ತಿಳಿಯದು. ಅನ್ಯಲೋಕದ ಜೀವಿಯೊಂದರ ರಕ್ತ ಮೈಮೇಲೆ ಬಿದ್ದು ಸತ್ತವನು ಹಿಂದಿನ ಬೆಳಗಿಗೆ ಮರಳಿ ಏಳುತ್ತಾನೆ. ಅಲ್ಲಿಂದ ಮುಂದೆ ಸತ್ತಾಗಲೆಲ್ಲ ಹಾಗೆಯೇ.

ಈ ಚಿತ್ರದ ಕೌಶಲವಿರುವುದು ಪುನರಾವರ್ತನೆಯನ್ನು ಬಳಸಿದ ರೀತಿಯಲ್ಲಿ. ಮೊದಲ ಸಾವುಗಳು ಭಯ ಹುಟ್ಟಿಸುತ್ತವೆ, ನಡುವಿನವು ನಗು ತರಿಸುತ್ತವೆ, ಬರಬರುತ್ತಾ ದಣಿವು ಆವರಿಸುತ್ತದೆ. ಹೇಡಿಯಾಗಿದ್ದವನು ಕಲಿತು ಸೈನಿಕನಾಗುತ್ತಾನೆ. ಅದರ ಜೊತೆಗೇ, ಪಕ್ಕದಲ್ಲಿರುವ ರೀಟಾ ಎಂಬ ಯೋಧೆ ಯಾವ ದಾರಿ ಹಿಡಿದರೂ ಸಾಯುವುದನ್ನು ಎಣಿಕೆ ಮೀರುವಷ್ಟು ಸಲ ಕಂಡವನ ಭಾರವೂ ಅವನ ಮೇಲೆ ಬೀಳುತ್ತದೆ. ಅವಳಿಗೆ ಅವನು ಅಂದಷ್ಟೇ ಕಂಡ ಅಪರಿಚಿತ. ಅವನಿಗೆ ಅವಳು ಬಹುಕಾಲದ ಸಂಗಾತಿ. ಕೊನೆಯ ಭಾಗದಲ್ಲಿ ಮರುಕಳಿಸುವ ಶಕ್ತಿಯನ್ನು ಅವನು ಕಳೆದುಕೊಂಡು, ಇನ್ನು ಸತ್ತರೆ ಸತ್ತಂತೆಯೇ ಎಂದಾದಾಗಲೇ ಹೋರಾಟಕ್ಕೆ ನಿಜವಾದ ಬೆಲೆ ಬರುವುದು. ಡಂಕನ್ ಜೋನ್ಸ್ ನಿರ್ದೇಶನದ 2011ರ 'ಸೋರ್ಸ್ ಕೋಡ್' ಇದೇ ತಂತ್ರವನ್ನು ಇನ್ನಷ್ಟು ಇಕ್ಕಟ್ಟಿನ ಜಾಗದಲ್ಲಿ ಬಳಸುತ್ತದೆ: ಆಫ್ಘಾನಿಸ್ತಾನದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ ಸೈನಿಕನೊಬ್ಬ ಷಿಕಾಗೋದತ್ತ ಹೊರಟ ರೈಲಿನ ಕೊನೆಯ 8 ನಿಮಿಷಗಳನ್ನು, ಬಾಂಬು ಇಟ್ಟವನನ್ನು ಹುಡುಕಲು, ಮತ್ತೆ ಮತ್ತೆ ಬದುಕಬೇಕು. ತನ್ನ ದೇಹ ಯುದ್ಧದಲ್ಲಿ ಛಿದ್ರವಾಗಿದ್ದರೂ ಮಿದುಳನ್ನು ಸೇನೆ ಇನ್ನೂ ದುಡಿಸುತ್ತಿದೆ ಎಂದು ಅವನಿಗೆ ತಿಳಿಯುವ ಘಳಿಗೆ, ಸೈನಿಕನ ಮೇಲೆ ರಾಜ್ಯಕ್ಕೆ ಎಲ್ಲಿಯವರೆಗೆ ಹಕ್ಕಿದೆ ಎಂಬ ಪ್ರಶ್ನೆಯನ್ನು ಎತ್ತುತ್ತದೆ.

ತಲೆಮಾರುಗಳ ನಡುವಿನ ಸಮರ

ಇತ್ತೀಚಿನ ಚಿತ್ರಗಳಲ್ಲಿ ಶತ್ರು ಬೇರೆ ದೇಶವಲ್ಲ, ಬೇರೆ ಕಾಲ. ಕ್ರಿಸ್ಟೋಫರ್ ನೋಲನ್ ಅವರ 'ಟೆನೆಟ್' (2020) ಚಿತ್ರದ ತಿರುಳು ಎಂಟ್ರೊಪಿ ಎಂಬ ಪರಿಕಲ್ಪನೆ. ಒಡೆದ ಗಾಜು ತಾನಾಗಿ ಕೂಡುವುದಿಲ್ಲ, ಆರಿದ ಕಾಫಿ ತಾನಾಗಿ ಬಿಸಿಯಾಗುವುದಿಲ್ಲ. ವಸ್ತುಗಳು ಕ್ರಮದಿಂದ ಅಕ್ರಮದತ್ತ ಸಾಗುವ ಈ ಒಲವಿನ ಅಳತೆಯೇ ಎಂಟ್ರೊಪಿ, ಕಾಲ ಮುಂದಕ್ಕೇ ಹರಿಯುತ್ತದೆಂದು ಅನ್ನಿಸುವುದಕ್ಕೆ ಭೌತಶಾಸ್ತ್ರ ಕೊಡುವ ಮುಖ್ಯ ಕಾರಣವೂ ಅದೇ. ಈ ಒಲವನ್ನು ತಿರುಗಿಸಿದರೆ ವಸ್ತುಗಳೂ ಮನುಷ್ಯರೂ ಕಾಲದಲ್ಲಿ ಹಿಮ್ಮುಖವಾಗಿ ಚಲಿಸಬಹುದೆಂದು ಚಿತ್ರ ಊಹಿಸುತ್ತದೆ. ಕೊನೆಯ ಯುದ್ಧದಲ್ಲಿ ಕೆಂಪು ದಳ 10 ನಿಮಿಷಗಳನ್ನು ಮುಮ್ಮುಖವಾಗಿಯೂ, ನೀಲಿ ದಳ ಅದೇ 10 ನಿಮಿಷಗಳನ್ನು ಹಿಮ್ಮುಖವಾಗಿಯೂ ಹಾದು ಶತ್ರುವನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಎರಡೂ ದಳಗಳ ರಾಕೆಟ್‌ಗಳು ಒಂದೇ ಕಟ್ಟಡಕ್ಕೆ ಬಡಿದು, ಅದರ ಕೆಳಭಾಗ ಮತ್ತೆ ಕಟ್ಟಿಕೊಳ್ಳುತ್ತಿರುವಾಗಲೇ ಮೇಲ್ಭಾಗ ಸಿಡಿಯುವುದನ್ನು ಕಾಣಬಹುದು. ಚಿತ್ರದ ಒಂದು ಭಾಗ ಮುಂಬೈಯಲ್ಲಿ ಚಿತ್ರೀಕರಣಗೊಂಡಿದ್ದು, ಶಸ್ತ್ರವ್ಯಾಪಾರದ ಹಿಂದಿನ ಸೂತ್ರಧಾರಿಣಿ ಪ್ರಿಯಾಳ ಪಾತ್ರದಲ್ಲಿ ಡಿಂಪಲ್ ಕಪಾಡಿಯಾ ಅಭಿನಯಿಸಿದ್ದಾರೆ. ಸಮುದ್ರಗಳು ಉಕ್ಕಿ ನದಿಗಳು ಬತ್ತಿಹೋದ ಮುಂದಿನ ಕಾಲದ ಜನ, ತಮ್ಮ ಪಾಡಿಗೆ ಕಾರಣರಾದ ಹಿಂದಿನವರ ಮೇಲೆ ಯುದ್ಧ ಹೂಡಿದ್ದಾರೆ ಎಂಬುದು ಕಥೆಯ ಆಳದಲ್ಲಿರುವ ಮಾತು. ಒಗಟು ಬಿಡಿಸುವ ಶ್ರಮದಲ್ಲಿ ಪಾತ್ರಗಳ ನೋವು ಪ್ರೇಕ್ಷಕನಿಂದ ದೂರವೇ ಉಳಿಯುವುದು ಈ ಚಿತ್ರದ ದೊಡ್ಡ ಕೊರತೆ.

2021ರ 'ದ ಟುಮಾರೊ ವಾರ್' ಅಷ್ಟು ಸೂಕ್ಷ್ಮವಾದ ಚಿತ್ರವಲ್ಲದಿದ್ದರೂ ಅದರ ಮೂಲ ಕಲ್ಪನೆ ಗಮನಾರ್ಹ. ಇಲ್ಲಿ 2051ರ ಜನರು ಅನ್ಯಲೋಕದ ಜೀವಿಗಳ ವಿರುದ್ಧ ಸೋಲುತ್ತಾ, ತಮ್ಮ ತಂದೆತಾಯಿಗಳ ಕಾಲಕ್ಕೆ ಬಂದು ಸೈನಿಕರನ್ನು ಬೇಡುತ್ತಾರೆ. ಕಡ್ಡಾಯ ಸೇನಾಸೇವೆಗೆ ಒಯ್ಯುವುದು 2051ರ ಹೊತ್ತಿಗೆ ಹೇಗೂ ಬದುಕಿರದವರನ್ನು ಮಾತ್ರ. ಸೇವೆಯ ಅವಧಿ ಏಳು ದಿನ. ಸಾಮಾನ್ಯವಾಗಿ ಹಿರಿಯರು ಹೂಡಿದ ಯುದ್ಧಕ್ಕೆ ಕಿರಿಯರು ಬಲಿಯಾಗುತ್ತಾರೆ. ಈ ಚಿತ್ರ ಅದನ್ನು ತಿರುಗಿಸಿ, ಮಕ್ಕಳ ಯುದ್ಧಕ್ಕೆ ತಂದೆಯರನ್ನು ಕಳುಹಿಸುತ್ತದೆ.

ಭಾರತದ ಹಾದಿ

ಭಾರತದಲ್ಲಿ ಕಾಲಯಂತ್ರವನ್ನು ಜನಪ್ರಿಯ ಚಿತ್ರಕ್ಕೆ ಗಟ್ಟಿಯಾಗಿ ತಂದದ್ದು 1991ರ ತೆಲುಗು ಚಿತ್ರ 'ಆದಿತ್ಯ 369'. ಇದರ ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್ ಕನ್ನಡಿಗರಿಗೆ ರಾಜ್‌ಕುಮಾರ್ ಅಭಿನಯದ 'ಹಾಲು ಜೇನು', 'ಶ್ರಾವಣ ಬಂತು' ಚಿತ್ರಗಳ ಮೂಲಕ ಚಿರಪರಿಚಿತರು. ಚಿತ್ರದ ನಾಯಕ 1526ರ ವಿಜಯನಗರಕ್ಕೆ, ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ, ಬಳಿಕ ಮಹಾಯುದ್ಧದ ವಿಕಿರಣದಿಂದಾಗಿ ಜನ ನೆಲದಡಿ ಬದುಕುವ 2504ಕ್ಕೆ ಹೋಗುತ್ತಾನೆ. ವೈಭವದ ಒಂದು ಗತಕಾಲ, ಯುದ್ಧ ಸುಟ್ಟ ಒಂದು ಭವಿಷ್ಯಕಾಲ, ಇವೆರಡರ ನಡುವೆ ವರ್ತಮಾನ ಎಂಬ ವಿನ್ಯಾಸ ಚೆನ್ನಾಗಿದೆ. ಆದರೆ ವಿಜಯನಗರದ ರಾಜಧಾನಿಯಾಗಿದ್ದ ಹಂಪಿಯ ಗೋಪುರ, ಬಜಾರುಗಳು ಪಾಳುಬಿದ್ದುದು 1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ನಡೆದ ತಾಳಿಕೋಟೆಯ ಯುದ್ಧದ ಬಳಿಕ. ಕಾಲಯಂತ್ರ ಆ ವರ್ಷದಲ್ಲಿ ನಿಲ್ಲುವುದಿಲ್ಲ. ನಮ್ಮ ಸಿನಿಮಾ ಗೆಲುವಿನ ಕಾಲಕ್ಕೆ ಹೋಗಲು ತೋರುವ ಉತ್ಸಾಹವನ್ನು ಸೋಲಿನ ಕಾಲಕ್ಕೆ ಹೋಗಲು ತೋರಿದ್ದು ಕಡಿಮೆ.

ಕನ್ನಡದಲ್ಲಿಯೂ ಕಾಲಯಾನದ ಪ್ರಯತ್ನಗಳು ಆರಂಭವಾಗಿವೆ; ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ 2024ರ 'ಬ್ಲಿಂಕ್' ಸಣ್ಣ ಬಂಡವಾಳದಲ್ಲೇ ಕುಟುಂಬದ ಕಥೆಯೊಂದಕ್ಕೆ ಕಾಲಯಾನವನ್ನು ಹೆಣೆದು ಪ್ರೇಕ್ಷಕರ ಮೆಚ್ಚುಗೆ ಗಳಿಸಿತು. ಯುದ್ಧದ ವಸ್ತುವಿಗೂ ಈ ನಾಡಿನಲ್ಲಿ ಬರವಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮಧ್ಯಾಹ್ನ, 1824ರ ಅಕ್ಟೋಬರಿನ ಗೆಲುವಿಗೂ ಡಿಸೆಂಬರಿನ ಸೋಲಿಗೂ ನಡುವೆ ಕಿತ್ತೂರು ಉಸಿರು ಬಿಗಿಹಿಡಿದ ವಾರಗಳು, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ದಾಳಿಯಲ್ಲಿ ಜೋಧಪುರದ ದಳದೊಡನೆ ಯಂತ್ರಬಂದೂಕುಗಳನ್ನು ಎದುರಿಸಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳ, ಇವೆಲ್ಲ ಇಂದಿನವನೊಬ್ಬ ಹೋಗಿ ನಿಂತು ನೋಡಬಹುದಾದ, ನೋಡಿ ತತ್ತರಿಸಬಹುದಾದ ಘಳಿಗೆಗಳು. ಮೇಲೆ ಹೇಳಿದ ಚಿತ್ರಗಳ ಪೈಕಿ ಅತ್ಯಂತ ಶ್ರೇಷ್ಠವಾದುದು ಸ್ಥಿರಚಿತ್ರಗಳಿಂದ ತಯಾರಾದುದು ಎಂಬುದನ್ನು ನೆನೆದರೆ, ಇದಕ್ಕೆ ಬೇಕಿರುವುದು ಅಪಾರ ಹಣವಲ್ಲ ಎಂಬುದೂ ಸ್ಪಷ್ಟ.

ಭೌತವಿಜ್ಞಾನದ ಇಂದಿನ ತಿಳಿವಳಿಕೆಯಲ್ಲಿ ಹಿಂದಿನ ಕಾಲಕ್ಕೆ ಹೋಗುವ ದಾರಿಯಿಲ್ಲ. ಐನ್‌ಸ್ಟೈನ್ ಅವರ ಸಮೀಕರಣಗಳಿಗೆ ಕಾಲ ತನ್ನ ಮೇಲೇ ಸುತ್ತಿ ಬರುವಂತಹ ಪರಿಹಾರವೊಂದನ್ನು ಕರ್ಟ್ ಗೊಡೆಲ್ 1949ರಲ್ಲಿ ತೋರಿಸಿದ್ದರೂ, ಅಂಥ ವಿಶ್ವ ನಮ್ಮದಲ್ಲ. ಆದ್ದರಿಂದ ಈ ಚಿತ್ರಗಳು ಕೊಡಬಲ್ಲದ್ದು ಗತವನ್ನು ತಿದ್ದುವ ಉಪಾಯವನ್ನಲ್ಲ. ಇನ್ನೂ ನಡೆಯದ ಯುದ್ಧವೊಂದರ ಹಿಂದಿನ ದಿನದಲ್ಲೇ ನಾವೆಲ್ಲ ಸದಾ ಬದುಕಿದ್ದೇವೆಂಬ ಎಚ್ಚರವನ್ನು. ನಿಮಿಟ್ಜ್ ನೌಕೆಯ ಕ್ಯಾಪ್ಟನ್‌ಗೆ ಮರುದಿನ ಏನಾಗುತ್ತದೆಂದು ಗೊತ್ತಿತ್ತು, ತಡೆಯಲು ಆಗಲಿಲ್ಲ. ಇಂದಿನ ಪ್ರಜೆಗೆ ನಾಳೆ ಏನಾಗುತ್ತದೆಂದು ಗೊತ್ತಿಲ್ಲ, ಆದರೆ ತಡೆಯುವ ಅವಕಾಶ ಇನ್ನೂ ಉಳಿದಿದೆ. ಯುದ್ಧದ ಮಾತು ಹಗುರವಾಗಿ ಹರಿದಾಡುವ ದಿನಗಳಲ್ಲಿ ಈ ಚಿತ್ರಗಳನ್ನು ಓದುಗರು ನೋಡಬೇಕು, ಸಾಧ್ಯವಾದರೆ ಮನೆಯ ಮಕ್ಕಳೊಡನೆ ಕುಳಿತು ನೋಡಬೇಕು. ಮೊದಲಿಗೆ 28 ನಿಮಿಷದ 'ಲಾ ಜೆಟೆ'ಯಿಂದ ಆರಂಭಿಸಬಹುದು.